ರಜೆಯ ಲೆಕ್ಕ ಮಳೆಗೆ ಗೊತ್ತಿಲ್ಲ

ಕೊಡಗಿಗೆ ಬರುವವರು ಕೇಳುವ ಪ್ರಶ್ನೆ ವರ್ಷಗಳಿಂದ ಒಂದೇ: ‘ಮೂರು ದಿನ ಇದೆ, ಏನೇನು ನೋಡಬಹುದು?’ ರಾಜಾಸೀಟು, ಅಬ್ಬಿ, ದುಬಾರೆ, ನಿಸರ್ಗಧಾಮ, ತಲಕಾವೇರಿ ಎಂಬ ಉತ್ತರವೂ ಒಂದೇ. ಈಚೆಗೆ ಆ ಪ್ರಶ್ನೆಗೆ ಒಂದು ಮಾತು ಸೇರಿಕೊಂಡಿದೆ: ‘ಈ ಸಲ ಸ್ವಲ್ಪ ಅಡ್ವೆಂಚರ್ ಇರಲಿ.’ ಆಸೆ ಪ್ರಾಮಾಣಿಕವಾದದ್ದೇ. ವರ್ಷವಿಡೀ ಕುರ್ಚಿಗೆ ಅಂಟಿಕೊಂಡ ಮೈಗೆ ಬೆವರು ಬೇಕೆನಿಸುತ್ತದೆ, ಕಾರಿನ ಗಾಜಿನಾಚೆ ಕಂಡ ಬೆಟ್ಟವನ್ನು ಕಾಲಿನಿಂದ ಮುಟ್ಟಬೇಕೆನಿಸುತ್ತದೆ. ಆದರೆ ಹೊಸ ಆಸೆಯನ್ನು ತಂದು ಹಳೆಯ ಪಟ್ಟಿಗೇ ಹೊಲಿಯುತ್ತಾರೆ. ಮೊದಲ ದಿನ ಬೆಳಿಗ್ಗೆ ತಡಿಯಂಡಮೋಳ್ ಬೆಟ್ಟ, ಮಧ್ಯಾಹ್ನ ಚೇಲಾವರ ಜಲಪಾತ. ಎರಡನೆಯ ದಿನ ರಾಫ್ಟಿಂಗ್, ಸಂಜೆಗೆ ಮಾಂದಲಪಟ್ಟಿಯ ಜೀಪು. ಮೂರನೆಯ ದಿನ ಕುಮಾರಪರ್ವತ ಹತ್ತಿ ಇಳಿದು ರಾತ್ರಿ ಬಸ್ಸಿಗೆ ಬೆಂಗಳೂರು.

ಈ ಪಟ್ಟಿಯ ಪಕ್ಕ ಒಂದು ಕ್ಯಾಲೆಂಡರ್ ಇಟ್ಟು ನೋಡಿದರೆ ತೊಡಕು ಗೊತ್ತಾಗುತ್ತದೆ. ಬರಪೊಳೆ ಎಂಬ ಹೊಳೆಯಲ್ಲಿ ರಾಫ್ಟ್ ತೇಲಬೇಕಾದರೆ ಮುಂಗಾರು ಸುರಿಯುತ್ತಿರಬೇಕು. ಕುಮಾರಪರ್ವತದ ಬಂಡೆ ಹತ್ತಬೇಕಾದರೆ ಮಳೆ ನಿಂತು ಬಂಡೆ ಒಣಗಿರಬೇಕು. ಅಂದರೆ ಜುಲೈ ತಿಂಗಳ ಹೊಳೆ, ಡಿಸೆಂಬರ್ ತಿಂಗಳ ಬೆಟ್ಟ ಎರಡೂ ಒಂದೇ ವಾರಾಂತ್ಯಕ್ಕೆ ಬೇಕು ಅಂತಾಯಿತು. ಅದು ಯಾರ ಹಣಕ್ಕೂ ಸಿಗುವುದಿಲ್ಲ. ಸಾಹಸದ ರಜೆಯ ಮೊದಲ ಕೆಲಸ ಜಾಗ ಹುಡುಕುವುದು ಅಂದುಕೊಂಡಿರುತ್ತೇವೆ. ಕೊಡಗಿನ ಮಟ್ಟಿಗೆ ಮೊದಲು ಹುಡುಕಬೇಕಾದದ್ದು ತಿಂಗಳು. ತಿಂಗಳು ಗಟ್ಟಿಯಾದರೆ ಜಾಗ ತಾನಾಗಿಯೇ ಒಂದಕ್ಕೋ ಎರಡಕ್ಕೋ ಇಳಿಯುತ್ತದೆ, ಹಾಗೆ ಇಳಿಯುವುದೇ ಒಳ್ಳೆಯದು.

ತಿಂಗಳು ಮೊದಲು, ಜಾಗ ಆಮೇಲೆ

ಜಿಲ್ಲೆ ಚಿಕ್ಕದು, ಆದರೆ ಮಳೆ ಒಂದೇ ಸಮನಲ್ಲ. ಪೂರ್ವದ ಅಂಚಿನ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುವ ಹೊತ್ತಿಗೆ ಭಾಗಮಂಡಲದಲ್ಲಿ ಸಂಗಮ ತುಂಬಿ ರಸ್ತೆಯ ಮೇಲೆ ನೀರು ನಿಂತಿರುತ್ತದೆ. ವರ್ಷದ ಮಳೆಯಲ್ಲಿ ಎರಡೂ ಊರಿನ ನಡುವೆ ಹಲವು ಪಟ್ಟು ವ್ಯತ್ಯಾಸ. ಆದ್ದರಿಂದ ‘ಕೊಡಗಿನ ಹವಾಮಾನ’ ಎಂದು ಫೋನಿನಲ್ಲಿ ನೋಡುವುದರಿಂದ ಉಪಯೋಗವಿಲ್ಲ. ಫೋನು ಮಡಿಕೇರಿಯದ್ದನ್ನು ಹೇಳುತ್ತದೆ, ನೀವು ಹೊರಟಿರುವುದು ಕಕ್ಕಬ್ಬೆಗೆ. ಉಳಿಯುವ ಮನೆಯವರಿಗೆ ಫೋನು ಮಾಡಿ ‘ನಿನ್ನೆ ಎಷ್ಟು ಇಂಚು ಬಿತ್ತು?’ ಎಂದು ಕೇಳಿ. ಇಲ್ಲಿ ಹೆಚ್ಚಿನ ತೋಟಗಳಲ್ಲಿ ಮಳೆಮಾಪಕ ಇರುತ್ತದೆ. ಪ್ರತಿ ಬೆಳಿಗ್ಗೆ ಅಳೆದು ಡೈರಿಯಲ್ಲಿ ಬರೆದಿಡುವುದು ಕಾಫಿ ಬೆಳೆಗಾರರ ಹಳೆಯ ಅಭ್ಯಾಸ, ಕಾಫಿ ಹೂ ಅರಳಿಸುವ ಹೂಮಳೆಯ ಒಂದು ಇಂಚು ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಅವರ ವರ್ಷ ನಿಂತಿದೆ. ಯಾವ ಆ್ಯಪೂ ಅಷ್ಟು ಹತ್ತಿರದ ಲೆಕ್ಕ ಕೊಡುವುದಿಲ್ಲ.

ಜೂನ್ ಮೊದಲ ವಾರದ ಆಸುಪಾಸಿಗೆ ಮುಂಗಾರು ಹಿಡಿಯುತ್ತದೆ. ಅಲ್ಲಿಂದ ಸೆಪ್ಟೆಂಬರ್ ತನಕ ಹೊಳೆಯ ಕಾಲ, ಬೆಟ್ಟದ ಕಾಲವಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಇಲ್ಲಿನವರೇ ಮದುವೆ ಮುಂಜಿ ಇಟ್ಟುಕೊಳ್ಳುವುದಿಲ್ಲ. ಗದ್ದೆ ನಾಟಿ, ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ, ಉಳಿದಂತೆ ಒಲೆಯ ಮುಂದೆ. ಅದು ಸುಮ್ಮನೆ ಬಂದ ಸಂಪ್ರದಾಯವಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜರಿದವು. 2019ರಲ್ಲಿ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ವರ್ಷವೂ ಆಗಸ್ಟ್. ಜೂನ್, ಜುಲೈ ಎರಡು ತಿಂಗಳು ನೀರು ಕುಡಿದ ಮಣ್ಣಿಗೆ ಆಗಸ್ಟ್‌ನ ನಾಲ್ಕೈದು ದಿನಗಳ ಬಿರುಮಳೆಯನ್ನು ಹೀರುವ ಜಾಗ ಉಳಿದಿರುವುದಿಲ್ಲ. ಹೀರದ ನೀರು ಮಣ್ಣಿನ ತೂಕ ಹೆಚ್ಚಿಸುತ್ತದೆ, ಮಣ್ಣು ಬಂಡೆಯ ಮೇಲಿಂದ ಜಾರುತ್ತದೆ. ಮಳೆಗಾಲದಲ್ಲಿ ಇಳಿಜಾರಿನ ಮನೆಯಲ್ಲಿ ಉಳಿದಿದ್ದರೆ ಕೆಲವು ಸೂಚನೆಗಳು ಗೊತ್ತಿರಲಿ: ತಿಳಿಯಾಗಿ ಹರಿಯುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು, ಹರಿಯುತ್ತಿದ್ದ ತೋಡು ಮಳೆ ನಿಲ್ಲದೆಯೇ ಬತ್ತುವುದು, ಅಂಗಳದಲ್ಲಿ ಹೊಸ ಬಿರುಕು, ಮರ ಅಥವಾ ಕಂಬ ವಾಲುವುದು. ತೋಡು ಬತ್ತಿತೆಂದರೆ ಮೇಲೆಲ್ಲೋ ಮಣ್ಣು ಕಟ್ಟೆ ಕಟ್ಟಿದೆ ಎಂದೇ ಅರ್ಥ. ಬ್ಯಾಗು ತುಂಬಿಕೊಳ್ಳುತ್ತಾ ನಿಲ್ಲಬೇಡಿ, ಮನೆಯವರನ್ನೂ ಎಬ್ಬಿಸಿಕೊಂಡು ಪಕ್ಕದ ದಿಬ್ಬಕ್ಕೆ ಸರಿಯಿರಿ.

ಅಕ್ಟೋಬರ್ ಮೋಸದ ತಿಂಗಳು. ಬೆಳಿಗ್ಗೆ ಗಾಜಿನಂಥ ಆಕಾಶ, ಮಧ್ಯಾಹ್ನ ಎರಡರ ಮೇಲೆ ಗುಡುಗು. ಏಪ್ರಿಲ್, ಮೇ ತಿಂಗಳದ್ದೂ ಇದೇ ಗುಣ. ಹುಲ್ಲುಬೆಟ್ಟದ ತುದಿಯಲ್ಲಿ ಮರವಿಲ್ಲ, ಅಲ್ಲಿ ನಿಂತ ಮನುಷ್ಯನೇ ಎತ್ತರದ ವಸ್ತು. ಗುಡುಗು ಕಿವಿಗೆ ಬಿದ್ದರೆ ಸಿಡಿಲು ತಲುಪುವ ದೂರದಲ್ಲಿದ್ದೀರಿ ಎಂದು ತಿಳಿದು ತುದಿ ಬಿಟ್ಟು ಇಳಿಯಬೇಕು. ತುಲಾ ಸಂಕ್ರಮಣದ ದಿನಗಳಲ್ಲಿ ತಲಕಾವೇರಿಯ ದಾರಿ ಭಕ್ತರದ್ದು, ಆ ವಾರ ಭಾಗಮಂಡಲದ ಕಡೆ ಸೈಕಲ್ಲು, ಚಾರಣ ಎಂದು ಹೊರಡದಿರುವುದು ಎಲ್ಲರಿಗೂ ಒಳಿತು.

ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಬೆಟ್ಟದ ಕಾಲ. ಹುಲ್ಲಿನಲ್ಲಿ ಇನ್ನೂ ಹಸಿರಿದೆ, ತೋಡುಗಳಲ್ಲಿ ನೀರಿದೆ, ಬಂಡೆ ಒಣಗಿದೆ. ಇಲ್ಲಿನ ಸುಗ್ಗಿಹಬ್ಬ ಪುತ್ತರಿ ಮುಗಿದ ಮೇಲಿನ ಎರಡು ವಾರ ವರ್ಷದಲ್ಲೇ ಒಳ್ಳೆಯ ದಿನಗಳು. ಕಾಫಿ ಕೊಯ್ಲು ಶುರುವಾಗಿರುತ್ತದೆ, ಕಿತ್ತಳೆ ಹಣ್ಣಾಗಿರುತ್ತದೆ. ಫೆಬ್ರವರಿ ಬಂದರೆ ಹುಲ್ಲು ಒಣಗಿ ಕಡ್ಡಿ ಗೀರಿದರೆ ಸಾಕು ಎಂಬ ಸ್ಥಿತಿ. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುತ್ತದೆ. ಅದನ್ನು ಕಿರಿಕಿರಿ ಎಂದುಕೊಳ್ಳುವವರು ಒಮ್ಮೆ ಮಾರ್ಚ್ ತಿಂಗಳಲ್ಲಿ ಸುಟ್ಟ ಇಳಿಜಾರು ನೋಡಬೇಕು. ಹುಲ್ಲು ಮತ್ತೆ ಬರುತ್ತದೆ, ಅಂಚಿನ ಶೋಲಾ, ಅಂದರೆ ಬೆಟ್ಟದ ಮಡಿಕೆಗಳ ದಟ್ಟ ಕಾಡು, ಅಷ್ಟು ಸುಲಭಕ್ಕೆ ಬರುವುದಿಲ್ಲ.

ಒಂದು ಸಲಕ್ಕೆ ಒಂದೇ ಹೊಸತು

‘ಹೆಚ್ಚು ಸಾಹಸದ’ ರಜೆ ಎಂದರೆ ಹಿಂದಿನದಕ್ಕಿಂತ ಹೆಚ್ಚು ಎಂದಷ್ಟೇ. ಹಾಗಿದ್ದರೆ ಹಿಂದಿನದು ಎಷ್ಟಿತ್ತು ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳುವುದರಿಂದ ಯೋಜನೆ ಶುರುವಾಗಬೇಕು. ಒಂದೇ ದಿನದಲ್ಲಿ ಎಷ್ಟು ದೂರ ನಡೆದಿದ್ದೀರಿ? ಎಷ್ಟು ಏರಿದ್ದೀರಿ? ಬೆನ್ನ ಮೇಲೆ ಎಷ್ಟು ಭಾರವಿತ್ತು? ಮಳೆಯಲ್ಲಿ ನಡೆದದ್ದುಂಟೇ? ಕತ್ತಲಲ್ಲಿ? ಇವುಗಳಲ್ಲಿ ಒಂದನ್ನು ಮಾತ್ರ ಈ ಸಲ ಹೆಚ್ಚಿಸಿ, ಉಳಿದವು ಹಳೆಯ ಮಟ್ಟದಲ್ಲೇ ಇರಲಿ. ಹಿಂದೆ ಐದು ಕಿಲೋಮೀಟರ್ ನಡೆದವರು ಈ ಸಲ ಹನ್ನೆರಡು ನಡೆಯಬಹುದು, ಆದರೆ ಒಣ ಹವೆಯಲ್ಲಿ, ಗೊತ್ತಿರುವ ದಾರಿಯಲ್ಲಿ, ಹಗುರ ಚೀಲದೊಂದಿಗೆ. ಬೆಟ್ಟದಲ್ಲಿ ಆಗುವ ಅನಾಹುತದ ಹಿಂದೆ ಒಂದೇ ಒಂದು ದೊಡ್ಡ ತಪ್ಪು ಇರುವುದು ಅಪರೂಪ. ದೂರ ಹೊಸದು, ಬೂಟು ಹೊಸದು, ಮಳೆ ಹೊಸದು, ಜೊತೆಗಾರರು ಹೊಸಬರು, ಹೀಗೆ ನಾಲ್ಕು ಹೊಸತುಗಳು ಒಂದೇ ಮಧ್ಯಾಹ್ನ ಸೇರುತ್ತವೆ. ಬೂಟಿನ ವಿಷಯ ಸಣ್ಣದೆನಿಸಬಹುದು. ಹೊಸ ಬೂಟನ್ನು ಕನಿಷ್ಠ ನಲವತ್ತು ಐವತ್ತು ಕಿಲೋಮೀಟರ್ ಊರಲ್ಲೇ ನಡೆದು ಪಳಗಿಸಿ ತರಬೇಕು. ಇಳಿಯುವಾಗ ಬೆರಳು ಮುಂದಕ್ಕೆ ನುಗ್ಗಿ ಉಗುರು ಕಪ್ಪಾಗುವುದರಿಂದ ಅರ್ಧ ಅಳತೆ ದೊಡ್ಡದೇ ಇರಲಿ.

ಹೀಗೆ ನೋಡಿದರೆ ಕೊಡಗಿನಲ್ಲಿ ಮೆಟ್ಟಿಲುಗಳು ಚೆನ್ನಾಗಿ ಜೋಡಿಸಿಟ್ಟಂತಿವೆ. ಕೋಟೆಬೆಟ್ಟ ಅಥವಾ ಭಾಗಮಂಡಲದ ಕಡೆಯ ನಿಶಾನಿಮೊಟ್ಟೆ ಮೊದಲ ಮೆಟ್ಟಿಲು. ಜಿಲ್ಲೆಯ ಅತಿ ಎತ್ತರದ, 1748 ಮೀಟರಿನ ತಡಿಯಂಡಮೋಳ್ ಎತ್ತರದಲ್ಲಿ ಮೊದಲನೆಯದಾದರೂ ಕಷ್ಟದಲ್ಲಿ ಎರಡನೆಯ ಮೆಟ್ಟಿಲು. ಇರ್ಪಿನಿಂದ ಹೊರಡುವ 1608 ಮೀಟರಿನ ಬ್ರಹ್ಮಗಿರಿ ಅದಕ್ಕಿಂತ ತಗ್ಗು, ಆದರೆ ಕಷ್ಟ ಹೆಚ್ಚು: ದಾರಿ ಉದ್ದ, ಆನೆಯ ಕಾಡು, ಇಲಾಖೆಯ ಅನುಮತಿ ಮತ್ತು ಗೈಡ್ ಇಲ್ಲದೆ ಹೆಜ್ಜೆ ಇಡುವಂತಿಲ್ಲ, ಗಡಿಯಾಚೆಗೆ ಕೇರಳದ್ದೇ ಬೇರೆ ಅನುಮತಿ. ಕುಮಾರಪರ್ವತ ಅಥವಾ ಪುಷ್ಪಗಿರಿ ಕೊನೆಯದು. ಎತ್ತರದ ಅಂಕಿ ನೋಡಿ ಬೆಟ್ಟ ಆರಿಸುವವರು ಇಲ್ಲೇ ಎಡವುತ್ತಾರೆ. ಕಾಲಿಗೆ ಲೆಕ್ಕವಾಗುವುದು ಸಮುದ್ರದಿಂದ ತುದಿಯ ಎತ್ತರವಲ್ಲ, ನೀವು ಹೊರಟ ಜಾಗದಿಂದ ತುದಿಯ ಎತ್ತರ.

ಗಂಟೆಯ ಗಣಿತ

ಕುಮಾರಪರ್ವತವನ್ನೇ ತೆಗೆದುಕೊಳ್ಳಿ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟಕ್ಕಿಂತ ನೂರು ಚಿಲ್ಲರೆ ಮೀಟರ್ ಮೇಲೆ, ತುದಿ 1712 ಮೀಟರ್. ಅಲ್ಲಿಂದ ಹೊರಟರೆ ಸುಮಾರು 1600 ಮೀಟರ್ ಏರಬೇಕು, ದೂರ ಹದಿಮೂರು ಕಿಲೋಮೀಟರ್ ಆಸುಪಾಸು. ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹದಿಮೂರು ಕಿಲೋಮೀಟರಿಗೆ ಎರಡೂವರೆ ಗಂಟೆಗೆ ತುಸು ಹೆಚ್ಚು, ಏರಿಗೆ ಎರಡು ಗಂಟೆ ನಲವತ್ತು ನಿಮಿಷ, ಒಟ್ಟು ಐದೂಕಾಲು. ಇದು ಗಟ್ಟಿ ಕಾಲಿನವರು ನಿಲ್ಲದೆ ನಡೆದರೆ. ನಮ್ಮ ಸೆಕೆ, ಬೆನ್ನ ಚೀಲ, ತಿಂಡಿ, ಜೊತೆಯವರಲ್ಲಿ ನಿಧಾನಿಯ ಹೆಜ್ಜೆ ಎಲ್ಲ ಸೇರಿಸಿ ಒಂದೂವರೆಯಿಂದ ಗುಣಿಸಿ: ಎಂಟು ಗಂಟೆ. ಇಳಿಯಲು ಐದು. ಒಟ್ಟು ಹದಿಮೂರು. ಡಿಸೆಂಬರ್ ತಿಂಗಳಲ್ಲಿ ಇಲ್ಲಿ ಹಗಲು ಇರುವುದು ಹನ್ನೊಂದೂವರೆ ಗಂಟೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ಬೆಳಿಗ್ಗೆ ಎಂಟಕ್ಕೆ ಹತ್ತಲು ಶುರು ಮಾಡಿದವರ ಕೊನೆಯ ಮೂರು ನಾಲ್ಕು ಗಂಟೆ ಎಲ್ಲಿ ಕಳೆಯುತ್ತದೆಂದು ಈ ಲೆಕ್ಕವೇ ಹೇಳುತ್ತದೆ.

ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದರೆ ದೂರ ಸುಮಾರು ಅರ್ಧ. ಹೊರಡುವ ಜಾಗವೇ ಎತ್ತರದಲ್ಲಿರುವುದರಿಂದ ಏರೂ ಎಷ್ಟೋ ಕಡಿಮೆ. ಒಂದು ಹಗಲಿನಲ್ಲಿ ಹತ್ತಿ ಇಳಿಯಬಹುದು. ಇದನ್ನು ‘ಸುಲಭದ ದಾರಿ’ ಎಂದು ಕೀಳಾಗಿ ನೋಡುವ ಚಾಳಿ ಚಾರಣಿಗರಲ್ಲಿದೆ, ಅದು ತಪ್ಪು. ತುದಿಗೆ ಹತ್ತಿರದ ಕಡಿದಾದ ಬಂಡೆಗಳು ಒದ್ದೆಯಿದ್ದಾಗ ಎಷ್ಟು ಜಾರುತ್ತವೆಂದು ಗೊತ್ತಿದ್ದವರು ಹಾಗೆನ್ನುವುದಿಲ್ಲ. ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯುವ ಆಸೆಯಿದ್ದವರು ಮೊದಲೇ ವಿಚಾರಿಸಬೇಕು. ಅನುಮತಿ ಯಾವ ಗೇಟಿನದ್ದು ಎಂಬುದು ಒಂದು ಪ್ರಶ್ನೆ, ಬೆಟ್ಟ ಸುತ್ತಿ ಬರಬೇಕಾದ ಕಾರು ಇನ್ನೊಂದು.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಈ ಬೆಟ್ಟದ ಬುಡದಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿದ ಚಿತ್ರಗಳು ಎಲ್ಲರ ಫೋನಿಗೂ ಬಂದಿದ್ದವು. ಆಮೇಲೆ ಇಲಾಖೆ ಚಾರಣ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ‘ಅರಣ್ಯ ವಿಹಾರ’ ಜಾಲತಾಣ ಬಂತು, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೂ ಬಂತು. ಈ ಮಿತಿ ಬೇಕಿತ್ತು. ಬುಕಿಂಗ್ ಸಿಗುವ ತನಕ ರೈಲು, ಬಸ್ಸು, ಮನೆ ಯಾವುದನ್ನೂ ಕಾಯ್ದಿರಿಸಬೇಡಿ, ದಾರಿ ತೆರೆದಿದೆಯೇ ಎಂದು ಹೊರಡುವ ವಾರ ಇನ್ನೊಮ್ಮೆ ನೋಡಿ. ಗುರುತಿನ ಚೀಟಿ ಅಸಲಿಯದ್ದೇ ಇರಲಿ, ಗೇಟಿನಲ್ಲಿ ನೆಟ್‌ವರ್ಕ್ ಇರುತ್ತದೆಂದು ನಂಬಿ ಟಿಕೆಟನ್ನು ಮೇಲ್‌ನಲ್ಲೇ ಬಿಟ್ಟು ಹೋಗಬೇಡಿ.

ನಾಲ್ಕುನಾಡು ಅರಮನೆಯ ಮುಂದೆ, ಹನ್ನೊಂದು ಗಂಟೆಗೆ

ತಡಿಯಂಡಮೋಳ್ ಬುಡದ ನಾಲ್ಕುನಾಡು ಅರಮನೆಯನ್ನು ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಿದ. ಸುಲಭಕ್ಕೆ ಯಾರೂ ಬರಲಾಗದ ಜಾಗ ಎಂದೇ ಆರಿಸಿದ್ದು. 1834ರಲ್ಲಿ ಬ್ರಿಟಿಷ್ ಸೈನ್ಯ ಬಂದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡದ್ದೂ ಇಲ್ಲಿಗೇ. ಈಗ ಆ ದಾರಿಯಲ್ಲಿ ಡಿಸೆಂಬರ್ ತಿಂಗಳ ಯಾವುದೇ ಶನಿವಾರ ಕಾಣುವ ದೃಶ್ಯ ಇದು. ಬೆಳಿಗ್ಗೆ ಹನ್ನೊಂದಕ್ಕೆ ಕಾರು ಬಂದು ನಿಲ್ಲುತ್ತದೆ. ಐದಾರು ಜನ ಇಳಿಯುತ್ತಾರೆ, ಎಲ್ಲರ ಮುಖದಲ್ಲೂ ನಿಜವಾದ ಉತ್ಸಾಹ. ಇಬ್ಬರ ಕಾಲಲ್ಲಿ ಚಪ್ಪಲಿ, ಒಬ್ಬರ ಕೈಯಲ್ಲಿ ಲೀಟರಿನ ಒಂದು ಬಾಟಲಿ, ಅದು ಎಲ್ಲರಿಗೂ ಸೇರಿ. ಮೊದಲ ಅರ್ಧ ಗಂಟೆ ತೋಟದ ನೆರಳು, ಮಾತು, ಫೋಟೊ. ಆಮೇಲೆ ಮರಗಳು ಮುಗಿದು ಹುಲ್ಲು ಶುರುವಾಗುತ್ತದೆ. ಹನ್ನೆರಡೂವರೆಯ ಬಿಸಿಲು, ನೆರಳಿಲ್ಲ, ನೀರು ಮುಗಿದಿದೆ. ದೊಡ್ಡ ಬಂಡೆಯ ಹತ್ತಿರ ಒಬ್ಬರು ಕೂತುಬಿಡುತ್ತಾರೆ. ‘ಇನ್ನೆಷ್ಟು ದೂರ?’ ಎಂದು ಇಳಿದು ಬರುವವರನ್ನು ಕೇಳಿದರೆ ಎಲ್ಲರೂ ಪ್ರೀತಿಯಿಂದ ಒಂದೇ ಸುಳ್ಳು ಹೇಳುತ್ತಾರೆ: ‘ಇಲ್ಲೇ, ಹದಿನೈದು ನಿಮಿಷ.’ ಕೊನೆಯ ಏರು ಶೋಲಾ ಕಾಡಿನೊಳಗೆ, ಬೇರು ಹಿಡಿದು ಹತ್ತುವಂಥದ್ದು. ಮೂರು ಗಂಟೆಗೆ ತುದಿ. ಅಷ್ಟರಲ್ಲಿ ಪಶ್ಚಿಮದಿಂದ ಮಂಜು ಏರಿ ಬಂದಿರುತ್ತದೆ, ಯಾವುದನ್ನು ನೋಡಲು ಬಂದರೋ ಅದೇ ಇಲ್ಲ. ಇಳಿಯುವಾಗ ಕಾಲು ನಡುಗುತ್ತದೆ, ಚಪ್ಪಲಿಯ ಬಾರು ಕಿತ್ತಿದೆ, ಆರಕ್ಕೆ ಸೂರ್ಯ ಮುಳುಗುತ್ತದೆ. ನಮ್ಮ ಕಡೆ ಸಂಜೆಬೆಳಕು ಅರ್ಧ ಗಂಟೆಯೂ ತಾಳುವುದಿಲ್ಲ, ಕಾಡಿನೊಳಗೆ ಅದಕ್ಕಿಂತ ಮೊದಲೇ ಕಪ್ಪು.

ಇದೇ ಬೆಟ್ಟವನ್ನು ಇದೇ ಜನ ಚೆನ್ನಾಗಿ ಹತ್ತಬಹುದಿತ್ತು. ಬದಲಾಗಬೇಕಿದ್ದದ್ದು ನಾಲ್ಕು ಗಂಟೆ ಮತ್ತು ಹನ್ನೆರಡು ಹದಿನೈದು ಲೀಟರ್ ನೀರು. ಅರಮನೆಯಿಂದ ಒಂದು ಕಡೆಗೆ ಆರೇಳು ಕಿಲೋಮೀಟರ್ ಎಂದಿಟ್ಟುಕೊಳ್ಳಿ, ಏರಲು ಮೂರರಿಂದ ಮೂರೂವರೆ ಗಂಟೆ, ಇಳಿಯಲು ಎರಡೂವರೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಹತ್ತೂವರೆಗೆ ತುದಿಯಲ್ಲಿರುತ್ತೀರಿ, ಮಂಜು ಏರುವ ಮೊದಲು. ಒಬ್ಬೊಬ್ಬರಿಗೆ ಎರಡೂವರೆಯಿಂದ ಮೂರು ಲೀಟರ್ ನೀರು, ಅದರಲ್ಲಿ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ್ದು, ಚಮಚ ಮಟ್ಟಸವಾಗಿ ತುಂಬಿದ್ದಿರಲಿ, ಗೋಪುರವಲ್ಲ. ಬರಿಯ ನೀರನ್ನೇ ಕುಡಿಯುತ್ತಾ ಬೆವರು ಸುರಿಸಿದವರಿಗೆ ಮಧ್ಯಾಹ್ನದ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುವುದು ಸಾಮಾನ್ಯ. ಬುತ್ತಿಗೆ ಅನ್ನ ಬೇಡ, ಡಬ್ಬಿ ಭಾರ, ಬಿಸಿಲಿಗೆ ಹಳಸುತ್ತದೆ. ಉಳಿದುಕೊಂಡ ಮನೆಯಲ್ಲಿ ಕೇಳಿದರೆ ‘ಅಕ್ಕಿ ಒಟ್ಟಿ’ ಎಂಬ ರೊಟ್ಟಿಗೆ ಎಳ್ಳಿನ ಚಟ್ನಿಯಾದ ಎಳ್ಳು ಪಜ್ಜಿ ಸವರಿ ಬಾಳೆಲೆಯಲ್ಲಿ ಸುತ್ತಿ ಕೊಡುತ್ತಾರೆ. ಮಡಚಿ ಜೇಬಿನಲ್ಲೂ ಇಡಬಹುದು, ಸಂಜೆಯ ತನಕ ಕೆಡುವುದಿಲ್ಲ. ಅದರ ಜೊತೆ ಎರಡು ಕಿತ್ತಳೆ. ಸಿಪ್ಪೆ ಕೂಡ ವಾಪಸು ಚೀಲಕ್ಕೇ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಮರಳುವ ಗಂಟೆ. ಹೊರಡುವ ಮುಂಚೆಯೇ, ಎಲ್ಲರೂ ತಣ್ಣಗಿರುವಾಗ, ಒಂದು ಹೊತ್ತು ಗೊತ್ತು ಮಾಡಿ: ಹನ್ನೆರಡು ಗಂಟೆಗೆ ಎಲ್ಲಿದ್ದರೂ ತಿರುಗುತ್ತೇವೆ. ತುದಿ ಇನ್ನೂರು ಮೀಟರ್ ದೂರದಲ್ಲಿ ಕಾಣುತ್ತಿದ್ದರೂ ಸರಿ. ಬೆಟ್ಟದ ಮೇಲೆ, ದಣಿದ ಮೈಯಲ್ಲಿ, ತುದಿ ಕಣ್ಣೆದುರು ಇರುವಾಗ ಮಾಡುವ ನಿರ್ಧಾರ ಒಳ್ಳೆಯ ನಿರ್ಧಾರವಾಗಿರುವುದಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಅವರು ತಲುಪುವ ಹೊತ್ತಿಗೆ ಮುಂದಿದ್ದವರ ವಿಶ್ರಾಂತಿ ಮುಗಿದು ಎಲ್ಲರೂ ಎದ್ದು ಹೊರಡುತ್ತಾರೆ, ದಣಿದವರಿಗೇ ವಿಶ್ರಾಂತಿ ಸಿಗುವುದಿಲ್ಲ.

ಬರಪೊಳೆಯ ನೀರು

ಟಿ. ಶೆಟ್ಟಿಗೇರಿ ಕಡೆ ಹರಿಯುವ ಬರಪೊಳೆ ಕಾವೇರಿಗೆ ಸೇರುವುದಿಲ್ಲ. ಪಶ್ಚಿಮಕ್ಕಿಳಿದು ಕೇರಳದ ವಳಪಟ್ಟಣಂ ನದಿಯನ್ನು ಕೂಡಿಕೊಳ್ಳುತ್ತದೆ. ದುಬಾರೆಯ ಕಾವೇರಿ ಹರವಾಗಿ, ನಿಧಾನವಾಗಿ ಹೋಗುತ್ತಾಳೆ. ಬರಪೊಳೆ ಇಕ್ಕಟ್ಟಾದ ಕಾಡಿನ ನಡುವೆ ಬಂಡೆಗಳ ಮೇಲಿಂದ ಧುಮುಕುವ ಹೊಳೆ, ಮಳೆಗಾಲದಲ್ಲಿ ಅದರ ರಭಸ ರಾಫ್ಟಿಂಗ್‌ನ ಆರು ದರ್ಜೆಗಳಲ್ಲಿ ನಾಲ್ಕನೆಯದರವರೆಗೂ ಹೋಗುತ್ತದೆ. ಎರಡನ್ನೂ ‘ರಾಫ್ಟಿಂಗ್’ ಎಂದು ಒಂದೇ ಹೆಸರಿನಲ್ಲಿ ಕರೆಯುವುದರಿಂದ ಗೊಂದಲವಾಗುತ್ತದೆ. ಮೊದಲ ಸಲದವರು ಆಗಸ್ಟ್‌ನ ಉಬ್ಬರ ಬಿಟ್ಟು ಸೆಪ್ಟೆಂಬರ್ ಆರಿಸಿಕೊಳ್ಳುವುದು ಒಳ್ಳೆಯದು: ನೀರು ಇರುತ್ತದೆ, ಆದರೆ ಒಂದೇ ರಾತ್ರಿಯಲ್ಲಿ ದುಪ್ಪಟ್ಟಾಗುವ ಹುಚ್ಚು ಕಡಿಮೆ.

ಕರೆದೊಯ್ಯುವವರನ್ನು ಆರಿಸುವುದು ಹೇಗೆ? ದರ ಕೇಳುವ ಮೊದಲು ‘ಯಾವ ದಿನ ಇಳಿಸುವುದಿಲ್ಲ?’ ಎಂದು ಕೇಳಿ. ‘ನೀರು ಈ ಬಂಡೆ ಮುಚ್ಚಿದರೆ ಇಳಿಸುವುದಿಲ್ಲ’ ಎಂದು ಗುರುತು ತೋರಿಸಿ ಹೇಳುವವರನ್ನು ನಂಬಬಹುದು. ‘ಏನೂ ಆಗಲ್ಲ ಸಾರ್’ ಎನ್ನುವವರನ್ನು ಬಿಟ್ಟುಬಿಡಿ. ರಾಫ್ಟಿನ ಮುಂದೆ ರಕ್ಷಣೆಗೆಂದೇ ಕಯಾಕಿನಲ್ಲಿ ಒಬ್ಬರು ಹೋಗುತ್ತಾರೆಯೇ, ಎಸೆಯುವ ಹಗ್ಗದ ಚೀಲ ಇದೆಯೇ, ದಡದ ತರಬೇತಿಗೆ ಕನಿಷ್ಠ ಇಪ್ಪತ್ತು ನಿಮಿಷ ಕೊಡುತ್ತಾರೆಯೇ ನೋಡಿ. ಲೈಫ್ ಜಾಕೆಟ್ಟನ್ನು ನೀವೇ ಪರೀಕ್ಷಿಸಬಹುದು: ಬಕಲ್ ಎಲ್ಲ ಬಿಗಿದ ಮೇಲೆ ಜೊತೆಯವರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಲು ಹೇಳಿ. ಅದು ಗಲ್ಲದ ಮೇಲೆ ಬಂದರೆ ಸಡಿಲ, ನೀರಿನಲ್ಲಿ ಮುಖವನ್ನೇ ಮುಚ್ಚುತ್ತದೆ. ಹುಟ್ಟಿನ ತುದಿಯ ಅಡ್ಡಹಿಡಿಯನ್ನು ಅಂಗೈ ಯಾವತ್ತೂ ಬಿಡಬಾರದು. ಬಿಟ್ಟರೆ ಅದು ಪಕ್ಕದವರ ಹಲ್ಲಿಗೇ ಹೋಗಿ ಬಡಿಯುವುದು.

ಬಿದ್ದರೆ ಏನು ಮಾಡಬೇಕೆಂಬುದು ಮೈಗೆ ಒಗ್ಗುವಷ್ಟು ಸಲ ಹೇಳಿಕೊಳ್ಳಬೇಕು. ಅಂಗಾತ ಮಲಗಿ, ಪಾದಗಳು ನೀರಿನ ಮೇಲೆ, ಹರಿವಿನ ದಿಕ್ಕಿಗೆ. ಎಷ್ಟೇ ಕಡಿಮೆ ನೀರಿರಲಿ, ಹರಿವಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಪಾದ ಎರಡು ಬಂಡೆಯ ನಡುವೆ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಮಡಚಿ ತಲೆಯನ್ನು ಒಳಕ್ಕೆ ಒತ್ತುತ್ತದೆ, ಮೊಣಕಾಲುದ್ದದ ನೀರಿನಲ್ಲೂ ಹಾಗಾಗಬಹುದು. ಹಗ್ಗ ಎಸೆದರೆ ಹಗ್ಗವನ್ನೇ ಹಿಡಿಯಿರಿ, ಚೀಲವನ್ನಲ್ಲ. ಚೀಲದೊಳಗೆ ಇನ್ನೂ ಸುರುಳಿ ಉಳಿದಿದ್ದರೆ ಅದು ಬಿಚ್ಚಿಕೊಳ್ಳುತ್ತಲೇ ಹೋಗುತ್ತದೆ. ಹಿಡಿದ ಹಗ್ಗ ಭುಜದ ಮೇಲಿರಲಿ, ಬೆನ್ನು ಎಳೆಯುವವರ ಕಡೆಗೆ, ಆಗ ನೀರು ಮುಖಕ್ಕೆ ನುಗ್ಗುವುದಿಲ್ಲ. ಕೈಗೆ ಸುತ್ತಿಕೊಳ್ಳಲೇಬಾರದು.

ಇಷ್ಟು ಎಚ್ಚರ ಹೊಳೆಯಲ್ಲಿ ವಹಿಸುವವರೇ ಜಲಪಾತದ ಗುಂಡಿಗೆ ಯೋಚಿಸದೆ ಇಳಿಯುವುದು ಕಂಡರೆ ಸಂಕಟವಾಗುತ್ತದೆ. ಚೇಲಾವರದಲ್ಲಿ, ಮಲ್ಲಳ್ಳಿಯಲ್ಲಿ ಎಳೆಯ ಜೀವಗಳು ಹೋಗಿವೆ. ಬೀಳುವ ನೀರಿನೊಳಗೆ ಗಾಳಿಯ ಗುಳ್ಳೆ ತುಂಬಿರುವುದರಿಂದ ಅದು ಮೈಯನ್ನು ತೇಲಿಸುವುದಿಲ್ಲ, ಈಜು ಬಲ್ಲವರೂ ಮುಳುಗುತ್ತಾರೆ. ಧಾರೆಯ ಬುಡದಲ್ಲಿ ನೀರು ಸುತ್ತಿ ಸುತ್ತಿ ಒಳಕ್ಕೇ ಎಳೆಯುತ್ತದೆ. ಅಂಚಿನ ಬಂಡೆಯ ಮೇಲಿನ ಹಸಿರು ಪಾಚಿ ಯಾವ ಬೂಟಿಗೂ ಹಿಡಿತ ಕೊಡುವುದಿಲ್ಲ. ಜಲಪಾತ ದೂರದಿಂದಲೇ ಚೆನ್ನ.

ಇಂಬಳ, ಆನೆ ಮತ್ತು ಹಾವು

ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೆದರಿ ಸೆಪ್ಟೆಂಬರ್ ಬಿಟ್ಟುಕೊಡುವವರಿದ್ದಾರೆ. ಅದು ಕಚ್ಚುವುದು ಗೊತ್ತಾಗುವುದಿಲ್ಲ, ನೋವಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುವುದರಿಂದ ಬಿಟ್ಟ ಮೇಲೂ ಬಹಳ ಹೊತ್ತು ಒಸರುತ್ತದೆ. ಮೊಣಕಾಲಿನವರೆಗಿನ ಒತ್ತುನೇಯ್ಗೆಯ ಕಾಲುಚೀಲವನ್ನು ಪ್ಯಾಂಟಿನ ಮೇಲಕ್ಕೆ ಎಳೆದುಕೊಂಡರೆ ಮುಕ್ಕಾಲು ಕಾಟ ತಪ್ಪುತ್ತದೆ. ಕಾಲುಚೀಲದ ಮೇಲೆ ಹೊಗೆಸೊಪ್ಪಿನ ನೀರೋ ಉಪ್ಪಿನ ನೀರೋ ಸವರಬಹುದು, ಜೋರು ಮಳೆಗೆ ತೊಳೆದುಹೋಗುತ್ತದೆ, ಮತ್ತೆ ಸವರಬೇಕು. ಕಚ್ಚಿಕೊಂಡಿದ್ದರೆ ಬೆಂಕಿ, ಉಪ್ಪು ತಾಗಿಸಬೇಡಿ, ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕುತ್ತದೆ. ಬಾಯಿಯ ಪಕ್ಕ ಉಗುರು ಜಾರಿಸಿ ಎಬ್ಬಿಸಿ, ತೊಳೆದು, ಒತ್ತಿ ಬಟ್ಟೆ ಕಟ್ಟಿ.

ಆನೆಯ ವಿಷಯ ಬೇರೆ. ಕಾಡಿನಲ್ಲಷ್ಟೇ ಆನೆ ಇರುತ್ತದೆಂಬುದು ಹೊರಗಿನವರ ನಂಬಿಕೆ. ಸಿದ್ದಾಪುರ, ಅಮ್ಮತ್ತಿ ಕಡೆ ಅವು ಕಾಫಿ ತೋಟದೊಳಗೇ ದಿನಗಟ್ಟಲೆ ಇರುತ್ತವೆ, ಎದೆಯುದ್ದದ ಗಿಡಗಳ ನಡುವೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಬೆಳಕು ಹರಿಯುವ ಮುಂಚೆ, ಸಂಜೆ ಆರರ ಮೇಲೆ ತೋಟದ ದಾರಿಯಲ್ಲಿ ನಡಿಗೆ ಬೇಡ, ಸೈಕಲ್ಲೂ ಬೇಡ. ಕಿವಿಯಲ್ಲಿ ಹಾಡು ಹಾಕಿಕೊಂಡು ಓಡುವುದಂತೂ ಬೇಡವೇ ಬೇಡ, ಕೊಂಬೆ ಮುರಿಯುವ ಸದ್ದೊಂದೇ ನಿಮಗೆ ಸಿಗುವ ಮುನ್ಸೂಚನೆ. ಹಸಿ ಲದ್ದಿಯಿಂದ ಆವಿ ಏಳುತ್ತಿದ್ದರೆ ಬಂದ ದಾರಿಯಲ್ಲೇ ಹಿಂತಿರುಗಿ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಅಂಗವನ್ನು ಅಲುಗದಂತೆ ಕೋಲಿಗೆ ಕಟ್ಟಿ, ನಡೆಸದೆ ಹೊತ್ತು ಇಳಿಸಿ, ಆಸ್ಪತ್ರೆ ಸೇರಿಸಿ. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಮಳೆಕಾಡಿನ ಗುಳಿಮಂಡಲಗಳಿಗೆ ಅದು ಹೊಂದುವುದಿಲ್ಲ. ಹಾಗಾಗಿ ಕೈ ಊರುವ ಮುಂಚೆ ಕೊಂಬೆ, ಬಂಡೆಯ ಸಂದು ನೋಡುವ ಅಭ್ಯಾಸವೇ ಇಲ್ಲಿ ಔಷಧಿ.

ದಾರಿಯಲ್ಲಿ ಒಂದು ತುಂಡು ಕಾಡು ಮಾತ್ರ ಸುತ್ತಲಿನ ತೋಟಕ್ಕಿಂತ ದಟ್ಟವಾಗಿ, ಮುಟ್ಟದೆ ಉಳಿದಂತೆ ಕಂಡರೆ ಅದು ದೇವರ ಹೆಸರಿನಲ್ಲಿ ಕಾದಿಟ್ಟ ದೇವರಕಾಡು ಇರಬಹುದು. ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ಇವೆ. ಅಲ್ಲಿ ಅಡ್ಡದಾರಿ ಹುಡುಕಬೇಡಿ, ಎಲೆಯನ್ನೂ ಕೀಳಬೇಡಿ.

ನಾಲ್ಕು ದಿನ, ಒಂದು ಬೆಟ್ಟ

ಹಾಗಾದರೆ ರಜೆ ಹೇಗಿರಬೇಕು? ಡಿಸೆಂಬರ್, ನಾಲ್ಕು ದಿನ ಎಂದುಕೊಳ್ಳಿ. ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಬಸ್ಸು, ಇಲ್ಲವೇ ಕಣ್ಣೂರಿನಿಂದ ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆ. ಮೊದಲ ದಿನ ತಲುಪಿ, ಮಧ್ಯಾಹ್ನದ ಮೇಲೆ ಎರಡು ಗಂಟೆ ಸುಮ್ಮನೆ ಊರೊಳಗೆ ನಡೆಯಿರಿ. ಬೂಟು, ಚೀಲದ ಪಟ್ಟಿ ಎಲ್ಲಿ ಉಜ್ಜುತ್ತದೆಂದು ಆಗಲೇ ತಿಳಿಯುತ್ತದೆ, ಅಲ್ಲಿಗೆ ಪ್ಲಾಸ್ಟರ್ ಅಂಟಿಸಿ. ಗುಳ್ಳೆ ಎದ್ದ ಮೇಲೆ ಅಂಟಿಸುವುದು ತಡವಾಯಿತು. ಎರಡನೆಯ ದಿನ ಬೆಟ್ಟ. ಮೂರನೆಯ ದಿನ ಖಾಲಿ, ನಾಲ್ಕನೆಯ ದಿನ ವಾಪಸು. ಈ ಖಾಲಿ ದಿನವೇ ಇಡೀ ಯೋಜನೆಯ ಜೀವ. ಎರಡನೆಯ ದಿನ ಮಳೆ ಬಂದರೆ ಬೆಟ್ಟ ಮೂರನೆಯ ದಿನಕ್ಕೆ ಜಾರುತ್ತದೆ, ಬುಕಿಂಗ್ ದಿನ ಬದಲಿಸಲಾಗದಿದ್ದರೆ ಅನುಮತಿ ಬೇಡದ ಸಣ್ಣ ನಡಿಗೆಗೆ ಇಳಿಯುತ್ತದೆ. ಖಾಲಿ ದಿನ ಇಲ್ಲದವರೇ ಮಳೆಯಲ್ಲೂ ಹತ್ತುತ್ತಾರೆ, ಏಕೆಂದರೆ ನಾಳೆ ಬಸ್ಸಿದೆ. ಎರಡನೆಯ ದಿನವೇ ಬೆಟ್ಟ ಮುಗಿದಿದ್ದರೆ ಮೂರನೆಯ ದಿನ ಕಕ್ಕಬ್ಬೆಯ ಇಗ್ಗುತ್ತಪ್ಪ ದೇವಾಲಯಕ್ಕೆ ನಡೆದು ಹೋಗಿ ಬನ್ನಿ, ಬಿಗಿದ ತೊಡೆಗೆ ನಿಧಾನದ ನಡಿಗೆಯೇ ಮದ್ದು.

ಬಟ್ಟೆ ಎರಡೇ ಜೊತೆ ಸಾಕು, ಎರಡೂ ಸಿಂಥೆಟಿಕ್, ಜೀನ್ಸ್ ಬೇಡ. ಒಂದು ನಡೆಯಲು, ಒಂದು ಮಲಗಲು. ಮಲಗುವ ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ, ಎ‌ಷ್ಟೇ ಒದ್ದೆಯಾದರೂ ಅದನ್ನು ಹಗಲು ತೊಡಬೇಡಿ. ಬೆಳಿಗ್ಗೆ ಹಸಿ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳುವುದು ಎರಡು ನಿಮಿಷದ ಹಿಂಸೆ, ರಾತ್ರಿ ಒಣ ಬಟ್ಟೆ ಇಲ್ಲದಿರುವುದು ಹತ್ತು ಗಂಟೆಯದ್ದು. ತಲೆಗೆ ಕಟ್ಟುವ ಟಾರ್ಚು ಒಬ್ಬೊಬ್ಬರಿಗೆ ಒಂದು, ಹಗಲಲ್ಲೇ ಮರಳುವ ಯೋಜನೆಯಿದ್ದರೂ. ಫೋನಿನ ಬೆಳಕನ್ನು ನಂಬಿದರೆ ಕೈಯೊಂದು ಅದಕ್ಕೇ ಹೋಗುತ್ತದೆ, ಇಳಿಜಾರಿನಲ್ಲಿ ಎರಡೂ ಕೈ ಬೇಕು. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಇಡಿ. ಇಲ್ಲದ ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಸಾಯುತ್ತದೆ.

ಹೊರಡುವ ಬೆಳಿಗ್ಗೆ, ಕಾಫಿ ಕುಡಿದ ಮೇಲೆ, ಒಂದು ಚೀಟಿ ಬರೆದು ಉಳಿದುಕೊಂಡ ಮನೆಯವರ ಕೈಗೆ ಕೊಡಿ. ಎಷ್ಟು ಜನ, ಯಾರ್‍ಯಾರು, ಯಾವ ಗೇಟು, ಯಾವ ದಾರಿ, ಕಾರಿನ ನಂಬರು, ತಿರುಗುವ ಗಂಟೆ, ಮನೆ ತಲುಪುವ ಗಂಟೆ. ಕೊನೆಯ ಸಾಲಿನಲ್ಲಿ, ಸಂಜೆ ಇಷ್ಟು ಗಂಟೆಯವರೆಗೆ ನಮ್ಮಿಂದ ಫೋನು ಬಾರದಿದ್ದರೆ ಮೊದಲು ಗೇಟಿನವರಿಗೆ, ಆಮೇಲೆ 112ಕ್ಕೆ ಕರೆ ಮಾಡಿ ಎಂದು. ಅವರು ಚೀಟಿಯನ್ನು ಅಡುಗೆಮನೆಯ ಗೋಡೆಯ ಮೊಳೆಗೆ ಸಿಕ್ಕಿಸುತ್ತಾರೆ. ಇಳಿದು ಬಂದ ಕೂಡಲೇ, ಬೂಟು ಬಿಚ್ಚುವ ಮೊದಲು, ಒಳಗೆ ಕೂಗಿ ಹೇಳಿ ಅದನ್ನು ತೆಗೆಸಿ.